ತಿಥಿ ಮುಗಿದ ಮೇಲೂ ಉಳಿಯುವ ದುಃಖ

ನಮ್ಮ ಅಥಣಿ ಕಡೆ ಸಾವಾದ ಮನೆಗೆ ಹೋಗಿ ಬರುವುದಕ್ಕೆ ‘ಮಾತಾಡಿಸಿ ಬರೋದು’ ಅನ್ನುತ್ತೇವೆ. ಹೋದವರು ಹೆಚ್ಚೇನೂ ಮಾತಾಡುವುದಿಲ್ಲ. ಹೆಂಗಾತು, ಎಷ್ಟೊತ್ತಿಗಾತು ಎಂದು ಕೇಳಿ, ಒಂದಷ್ಟು ಹೊತ್ತು ಸುಮ್ಮನೆ ಕೂತು ಏಳುತ್ತಾರೆ. ಇದು ದೊಡ್ಡವರಿಗಾಯಿತು. ಅದೇ ಮನೆಯ ಹುಡುಗನ ತಲೆ ಸವರಿ, ‘ಆಡಾಕ ಹೋಗಪಾ’ ಎಂದು ಹೊರಗೆ ಕಳಿಸುತ್ತೇವೆ. ಸುಮಂತ್ ಭಟ್ ಅವರ ‘ಮಿಥ್ಯ’ ಅಂಥ ಹುಡುಗನ ಬೆನ್ನು ಹಿಡಿದು ಹೋಗುವ ಚಿತ್ರ.

ಇದು ಕನ್ನಡಕ್ಕೆ ಏಕೆ ಹೊಸದು ಎಂದು ತಿಳಿಯಲು ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970) ಆರಂಭವಾಗುವುದೇ ಒಂದು ಸಾವಿನಿಂದ. ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂಬುದೇ ಅಗ್ರಹಾರದ ಚಿಂತೆ. ಅವನೊಂದಿಗೆ ಬಾಳಿದ ಚಂದ್ರಿ ಒಡವೆ ಬಿಚ್ಚಿಡುತ್ತಾಳೆ. ಎಲ್ಲರಿಗೂ ಚಿನ್ನ ಕಾಣುತ್ತದೆ, ಅವಳ ಸಂಕಟ ಕಾಣುವುದಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದಲ್ಲಿ (1977) ಬದುಕಿರುವ ವಿಧವೆ ಯಮುನೆಗೇ ಶ್ರಾದ್ಧ ನಡೆಯುತ್ತದೆ. ಅವಳನ್ನು ಹಚ್ಚಿಕೊಂಡಿದ್ದ ಪುಟ್ಟ ನಾಣಿಯ ದುಃಖ ಶುರುವಾಗುವ ಹೊತ್ತಿಗೆ ಚಿತ್ರ ಮುಗಿಯುತ್ತದೆ.

ರಾಮ್ ರೆಡ್ಡಿಯವರ ‘ತಿಥಿ’ (2015) ಇದನ್ನೇ ನಗುನಗುತ್ತ ಹೇಳಿತು. ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ ಚಿತ್ರೀಕರಿಸಿದ, ಹಳ್ಳಿಯ ಜನರೇ ನಟಿಸಿದ ಈ ಚಿತ್ರದಲ್ಲಿ 101 ವರ್ಷದ ಸೆಂಚುರಿ ಗೌಡ ತೀರಿಕೊಂಡರೂ ಅಳುವವರಿಲ್ಲ. ಮೊಮ್ಮಗನಿಗೆ ಜಮೀನಿನ ಧ್ಯಾನ, ಮರಿಮಗನಿಗೆ ಹುಡುಗಿಯ ಧ್ಯಾನ. ಮಗ ಗಡ್ಡಪ್ಪ ಮಾತ್ರ ಬಹುಕಾಲ ಅದುಮಿಟ್ಟ ನೋವನ್ನು ಅಪರಿಚಿತ ಕುರಿಗಾಹಿಗಳ ಮುಂದೆ ಬಿಚ್ಚುತ್ತಾನೆ. ಮನೆಯವರಿಗೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಅಲೆಮಾರಿಗಳು ಬೇಕಾಯಿತು.

ಈ ಮೂರೂ ಚಿತ್ರಗಳು ಸಾವಿನ ನೆಪದಲ್ಲಿ ಸಮಾಜವನ್ನು ಪ್ರಶ್ನಿಸಿದವು. ಕರ್ಮ ಯಾರು ಮಾಡಬೇಕು, ಹೇಗೆ ಮಾಡಬೇಕು ಎಂಬ ಗದ್ದಲದಲ್ಲಿ ದುಃಖ ಮೂಲೆಯಲ್ಲೇ ಕೂತಿತ್ತು. 2023ರಲ್ಲಿ ಮುಂಬೈ ಚಿತ್ರೋತ್ಸವದಲ್ಲಿ ಕಂಡು, 2025ರಲ್ಲಿ ಚಿತ್ರಮಂದಿರಗಳಿಗೆ ಬಂದ ‘ಮಿಥ್ಯ’ ಆ ಮೂಲೆಗೇ ಹೋಗಿ ಕೂತಿತು. ತಂದೆತಾಯಿಯನ್ನು ಕಳೆದುಕೊಂಡ ಹನ್ನೊಂದು ವರ್ಷದ ಮಿಥುನ್, ಪುಟ್ಟ ತಂಗಿಯೊಂದಿಗೆ ಮುಂಬೈ ಬಿಟ್ಟು ಉಡುಪಿ ಕಡೆಯ ನೆಂಟರ ಮನೆ ಸೇರುತ್ತಾನೆ. ನಮ್ಮಲ್ಲಿ ಬಾಳಪ್ಪ ಬಾಳ್ಯಾ ಆಗುವಂತೆ ಅವನು ಪ್ರೀತಿಯವರ ಬಾಯಲ್ಲಿ ಮಿಥ್ಯ. ಆ ಪದಕ್ಕೆ ಸುಳ್ಳು ಎಂಬ ಅರ್ಥವೂ ಇದೆ. ಆಗಿಹೋದದ್ದು ನಿಜವೆಂದು ಒಪ್ಪಲಾಗದ ಹುಡುಗನಿಗೆ ಇದಕ್ಕಿಂತ ತಕ್ಕ ಹೆಸರು ಸಿಗದು.

ಅತೀಶ್ ಶೆಟ್ಟಿ ನಟಿಸಿದ ಈ ಹುಡುಗನಲ್ಲಿ ಅಳುವಿಗಿಂತ ಮುನಿಸು, ಮೌನವೇ ಹೆಚ್ಚು. ದೊಡ್ಡವರು ಅವನ ಹೆತ್ತವರ ಬಗ್ಗೆ ತಲೆಗೊಂದು ಮಾತಾಡುತ್ತಾರೆ. ಅದು ಅವನ ಕಿವಿಗೂ ಬೀಳುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಚಿತ್ರ ಅವನಿಗೆ ಸಮಾಧಾನ ಹೇಳುವ ಅವಸರ ಮಾಡುವುದಿಲ್ಲ. ಅವನ ಜೊತೆ ಸುಮ್ಮನೆ ಇರುತ್ತದೆ.

ನೋಡಿ ಎದ್ದಾಗ ನನಗೆ ಅನ್ನಿಸಿದ್ದಿಷ್ಟು: ಇನ್ನು ಮೇಲೆ ಮಾತಾಡಿಸಲು ಹೋದಾಗ, ಅಂಗಳದಲ್ಲಿ ಒಬ್ಬನೇ ನಿಂತ ಹುಡುಗನ ಪಕ್ಕದಲ್ಲೂ ಒಂದಷ್ಟು ಹೊತ್ತು ಕೂರಬೇಕು.