ಹೊಸಪೇಟೆಯಲ್ಲೊಂದು ಸಮುದ್ರ

ನಮ್ಮ ಊರಿನವರಿಗೆ ನೀರಿನ ವಿಷಯದಲ್ಲಿ ಸ್ವಲ್ಪ ಜಂಬ. ಊರಿನ ತಲೆಯ ಮೇಲೆ ಜಲಾಶಯ, ಮಗ್ಗುಲಲ್ಲಿ ಕಾಲುವೆ, ಆಚೆಗೆ ತುಂಗಭದ್ರೆ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳಲ್ಲಿ ಕೆಲವು ಇಂದಿಗೂ ಗದ್ದೆ, ಬಾಳೆ ತೋಟಗಳಿಗೆ ನೀರುಣಿಸುತ್ತಿವೆ. ಇಂಥ ಊರಿನಲ್ಲಿ ಕುಳಿತು, ನಿವೃತ್ತನಾದ ಮೇಲೆ, ನಾನು ಉಪ್ಪುನೀರು ತಯಾರಿಸಲು ಹೊರಟೆ. ಇಪ್ಪತ್ತು ಲೀಟರಿನ ಶುದ್ಧ ನೀರಿನ ಕ್ಯಾನುಗಳನ್ನು ತರಿಸಿ, ಅದಕ್ಕೆ ಉಪ್ಪು ಸುರಿದು, ಮರದ ಸೌಟಿನಿಂದ ಕದಡುತ್ತಿದ್ದಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಉಪ್ಪುನೀರು ಸಿಹಿ ಮಾಡೋರನ್ನ ಕೇಳಿದ್ದೆ, ಸಿಹಿನೀರು ಉಪ್ಪು ಮಾಡೋರನ್ನ ಈಗ್ಲೇ ನೋಡಿದ್ದು" ಎಂದಳು. ಆ ಮಾತಿಗೆ ಈವರೆಗೂ ನನ್ನಲ್ಲಿ ಉತ್ತರವಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಬೆಂಗಳೂರಿನಲ್ಲಿ ಮನೆ ಬದಲಾಯಿಸುವಾಗ ತನ್ನ ಗಾಜಿನ ತೊಟ್ಟಿಯನ್ನು ಒಡೆಯಲು ಮನಸ್ಸು ಬಾರದೆ, ದೀಪ ಪಂಪುಗಳ ಸಮೇತ ನನಗೆ ಕಳಿಸಿಕೊಟ್ಟ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಐವತ್ತು ಲೀಟರು ನೀರು ಹಿಡಿಯುತ್ತದೆ. ನಾಲ್ಕು ಬಣ್ಣದ ಮೀನು ಬಿಟ್ಟರಾಯಿತು ಎಂದುಕೊಂಡಿದ್ದೆ. ಅವನು ಫೋನಿನಲ್ಲಿ, "ಸರ್, ಅದು ಸಮುದ್ರದ ತೊಟ್ಟಿ. ರೀಫ್ ಟ್ಯಾಂಕ್. ನೀವು ಓದೋ ಮನುಷ್ಯರು, ನಿಮ್ಮಿಂದ ಆಗುತ್ತೆ" ಎಂದ. ಮೇಷ್ಟ್ರಾದವರನ್ನು ಹಳ್ಳಕ್ಕೆ ಕೆಡವಲು ಇದಕ್ಕಿಂತ ಒಳ್ಳೆಯ ಮಾತು ಬೇಡ.

ರೀಫ್ ಎಂದರೆ ಹವಳದ ದಿಬ್ಬ. ನಮ್ಮ ರಾಜ್ಯದಲ್ಲಿ ಅದನ್ನು ನೋಡಬೇಕಾದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿನಲ್ಲಿ ಮುಳುಗಬೇಕು. ನನಗೆ ಈಜು ಬಾರದು. ನಲವತ್ತು ವರ್ಷ ಇತಿಹಾಸ ಹೇಳಿದವನಿಗೆ ಯಾವುದನ್ನೇ ಆಗಲಿ ಅದರ ಹಿಂದಿನ ಕಥೆಯಿಂದ ಶುರುಮಾಡುವ ಚಾಳಿ. ಆದ್ದರಿಂದ ತೊಟ್ಟಿಗೆ ನೀರು ತುಂಬುವ ಮೊದಲು ಪುಸ್ತಕ ತೆರೆದೆ.

ಸಮುದ್ರವನ್ನು ಮನೆಯೊಳಗೆ ಮೊದಲು ಬದುಕಿಸಿದವರಲ್ಲಿ ಒಬ್ಬಾಕೆ ಲಂಡನ್ನಿನ ಆನ್ನಾ ಥಿನ್. 1846ರಲ್ಲಿ ಆಕೆ ಟಾರ್ಕಿ ಎಂಬ ಕಡಲೂರಿನಿಂದ ಕೆಲವು ಹವಳದ ಜೀವಿಗಳನ್ನು ಲಂಡನ್ನಿಗೆ ಒಯ್ದಳು. ನೀರು ಕೆಡದಂತೆ ಕಾಪಾಡುವುದು ಹೇಗೆ? ಮನೆಗೆಲಸದವಳು ದಿನವೂ ಕಿಟಕಿಯ ಮುಂದೆ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಹುಯ್ಯಬೇಕು, ಅರ್ಧ ಮುಕ್ಕಾಲು ಗಂಟೆ. ನಮ್ಮ ಹೋಟೆಲುಗಳಲ್ಲಿ ಚಹಾ ಆರಿಸುವ ಹಾಗೆ. ಚರಿತ್ರೆಯಲ್ಲಿ ಯಜಮಾನಿಯ ಹೆಸರು ಉಳಿದಿದೆ, ಹವಳವನ್ನು ಬದುಕಿಸಿದ್ದು ಮಾತ್ರ ಆ ಹುಡುಗಿಯ ತೋಳು. 1853ರಲ್ಲಿ ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ ಮೀನಿನ ಮನೆ ತೆರೆಯಿತು. ಅದರಲ್ಲಿ ಕೈಯಾಡಿಸಿದ್ದ ಫಿಲಿಪ್ ಹೆನ್ರಿ ಗಾಸ್ ಮರುವರ್ಷ ಅಕ್ವೇರಿಯಂ ಬಗ್ಗೆ ಪುಸ್ತಕ ಬರೆದ. ಕಡಲಿನಿಂದ ದೂರವಿರುವವರಿಗಾಗಿ ಸಮುದ್ರದ ನೀರನ್ನು ಮನೆಯಲ್ಲೇ ಕೂಡಿಸುವ ಲೆಕ್ಕವನ್ನೂ ಕೊಟ್ಟ: ಅಡಿಗೆ ಉಪ್ಪು, ಹಿಂದೆ ಭೇದಿಗೆ ಕೊಡುತ್ತಿದ್ದ ಎಪ್ಸಮ್ ಉಪ್ಪು, ಮೆಗ್ನೀಷಿಯಂ ಕ್ಲೋರೈಡು, ಪೊಟ್ಯಾಷಿಯಂ ಕ್ಲೋರೈಡು. ನಮ್ಮ ದೇಶದಲ್ಲಿ ಮದರಾಸಿನ ಕಡಲದಂಡೆಯಲ್ಲಿ 1909ರಲ್ಲಿ ಅಕ್ವೇರಿಯಂ ತೆರೆದರು. ಮುಂಬಯಿಯ ತಾರಾಪೊರೆವಾಲಾ ಅಕ್ವೇರಿಯಂ 1951ರದು. ಇವೆರಡೂ ಸಮುದ್ರದ ಮಗ್ಗುಲಲ್ಲೇ ಇದ್ದವು. ಹೊಸಪೇಟೆಯಿಂದ ಅಂಕೋಲೆಯ ಕಡಲು ಇನ್ನೂರು ಕಿಲೋಮೀಟರಿಗೂ ದೂರ, ನಡುವೆ ಘಟ್ಟ.

ಆದರೆ ಈ ದೂರ ನಮ್ಮವರಿಗೆ ಹೊಸದಲ್ಲ. ಹಂಪಿಯಲ್ಲಿ ಕುಳಿತು ಆಳಿದ ಬುಕ್ಕರಾಯನಿಗೆ ಪೂರ್ವ ಪಶ್ಚಿಮ ಸಮುದ್ರಗಳ ಅಧಿಪತಿ ಎಂಬ ಬಿರುದಿತ್ತು. ಕಡಲು ಕಾಣದ ಬಂಡೆಗಳ ನಡುವೆ ಈ ಬಿರುದನ್ನು ಪಾಠ ಮಾಡುವಾಗ ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಈಗ ಹಾಗೆನಿಸುವುದಿಲ್ಲ. ಹೊರ್ಮುಜಿನ ಕುದುರೆಗಳು ಸಮುದ್ರ ದಾಟಿಯೇ ಇಲ್ಲಿಗೆ ಬಂದವು. 1443ರಲ್ಲಿ ಬಂದ ಅಬ್ದುರ್ ರಜಾಕ್ ಕೂಡ ಹಡಗಿನಲ್ಲಿ ಕಲ್ಲಿಕೋಟೆಗೆ ಬಂದು, ಮಂಗಳೂರಿನ ಮೇಲೆ ಹಾದು ಈ ನಗರ ಸೇರಿದ. 1547ರಲ್ಲಿ ಸದಾಶಿವರಾಯನ ಕಾಲದಲ್ಲಿ ಪೋರ್ಚುಗೀಸರೊಡನೆ ಆದ ಒಪ್ಪಂದದಲ್ಲಿ ಅಂಕೋಲಾ, ಹೊನ್ನಾವರ ಬಂದರುಗಳ ಹೆಸರು ಬರುತ್ತದೆ. ಹದಿನಾರನೆಯ ಶತಮಾನದ ಮೊದಲಲ್ಲಿ ಬರೆದ ಬಾರ್ಬೋಸಾ ಇಲ್ಲಿನ ಪೇಟೆಯ ಸರಕುಗಳನ್ನು ಎಣಿಸುವಾಗ ತಾಮ್ರ, ಪಾದರಸ, ಕೇಸರಿಗಳ ಜೊತೆಗೆ ಹವಳವನ್ನೂ ಸೇರಿಸುತ್ತಾನೆ. ಮಣಿಯಾಗಿ ಕೊರೆದದ್ದೂ ಉಂಟು, ಕೊಂಬೆಯ ಹಾಗೇ ಇದ್ದದ್ದೂ ಉಂಟು. ಈ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು. ಅಲ್ಲಿ ಮುಳುಗಿ ತೆಗೆದ ಕೊಂಬೆ ಘಟ್ಟ ಹತ್ತಿ ಹಂಪಿಯ ಬಜಾರಿನ ಕಲ್ಲಿನ ಕಟ್ಟೆಯ ಮೇಲೆ ಕುಳಿತಿತ್ತು. ನಮ್ಮ ಅಜ್ಜಿಯ ಕೊರಳಲ್ಲಿ ಚಿನ್ನದ ಗುಂಡಿನ ನಡುವೆ ಪೋಣಿಸಿದ ಹವಳಗಳಿದ್ದವು. ಅದು ಕಲ್ಲಲ್ಲ, ಒಂದು ಪ್ರಾಣಿ ಕಟ್ಟಿಕೊಂಡ ಗೂಡು ಎಂದು ನಾನು ಹೇಳಿದ್ದರೆ ಆಕೆ ಅದನ್ನು ಕೊರಳಿನಿಂದ ಕಿತ್ತೆಸೆಯುತ್ತಿದ್ದಳೋ ಏನೋ.

ಈಗ ತೊಟ್ಟಿಯ ಮಾತು. ಲೀಟರಿಗೆ 35 ಗ್ರಾಂ ಉಪ್ಪು. ಐವತ್ತು ಲೀಟರಿಗೆ ಒಂದೂಮುಕ್ಕಾಲು ಕಿಲೋ. ಇದು ಅಡಿಗೆ ಉಪ್ಪಲ್ಲ, ಗಾಸನ ಲೆಕ್ಕದ ಮೊಮ್ಮಗ, ಪ್ಯಾಕೆಟಿನಲ್ಲಿ ಸಿಗುತ್ತದೆ. ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರು 1.025 ಹತ್ತಿರ ತೋರಿಸಬೇಕು. ತೋರಿಸಿತು. ಇನ್ನೇನು ಮೀನು ಬಿಡೋಣ ಎಂದರೆ ವಿದ್ಯಾರ್ಥಿ ಬೇಡವೆಂದ. ನೀರು ಸಿದ್ಧವಾದರೂ ಸಮುದ್ರ ಸಿದ್ಧವಾಗಿಲ್ಲವಂತೆ. ಮೀನಿನ ಹೇಲುಚ್ಚೆಯಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟು ಮಾಡುತ್ತವೆ, ಅದೂ ವಿಷ. ಇನ್ನೊಂದು ಬಗೆಯವು ಅದನ್ನು ನೈಟ್ರೇಟು ಮಾಡಿದ ಮೇಲೆಯೇ ಮೀನಿಗೆ ಉಸಿರು. ಈ ಕಾಣದ ಸಂಸಾರ ಕಲ್ಲು ಮರಳುಗಳ ಮೇಲೆ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಖಾಲಿ ತೊಟ್ಟಿಗೆ ದೀಪ ಹಚ್ಚಿ, ಚಿಟಿಕೆ ಮೀನಿನ ಆಹಾರ ಉದುರಿಸಿ, ಎದುರಿಗೆ ಕುಳಿತಿರುವುದು. ಮನೆಗೆ ಬಂದವರು "ಮೀನೆಲ್ಲಿ?" ಎಂದು ಕೇಳುತ್ತಿದ್ದರು. "ಬ್ಯಾಕ್ಟೀರಿಯಾ ಸಾಕಿದ್ದೀನಿ" ಎಂದರೆ ಅವರ ದೃಷ್ಟಿ ನನ್ನ ಹೆಂಡತಿಯ ಕಡೆ ಹೋಗುತ್ತಿತ್ತು.

ಕಾಯುವುದನ್ನು ತಪ್ಪಿಸುವ ಒಂದು ದಾರಿ ಇದೆ. 1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಎಂಬಾತ, ಕಡಲಿನಿಂದ ಜೀವಂತ ಕಲ್ಲುಗಳನ್ನು ತಂದು ತೊಟ್ಟಿಯಲ್ಲಿಟ್ಟು ಬರಿಯ ಗಾಳಿಗುಳ್ಳೆ ಹಾಯಿಸಿದರೆ ಸಾಕು, ಹವಳ ಬದುಕುತ್ತದೆ ಎಂದು ಬರೆದ. ಕಲ್ಲಿನ ಸಂದುಗೊಂದುಗಳಲ್ಲಿ ಬ್ಯಾಕ್ಟೀರಿಯಾ, ಹುಳ, ಪಾಚಿ ಎಲ್ಲವೂ ಬರುತ್ತವೆ. ನಾನು ಮೀನು ವಿಚಾರಿಸಿದ ದೊಡ್ಡ ಊರಿನ ವ್ಯಾಪಾರಿಯೊಬ್ಬ ಫೋನಿನಲ್ಲಿ ದನಿ ತಗ್ಗಿಸಿ, "ಲೈವ್ ರಾಕ್ ಬೇಕಾ ಸಾರ್? ಹವಳಾನೂ ಇದೆ. ರಾತ್ರಿ ಬಸ್ಸಿಗೆ ಹಾಕಿ ಕಳಿಸ್ತೀನಿ" ಎಂದ. ದನಿ ಯಾಕೆ ತಗ್ಗಿಸಿದ ಎಂದು ಹುಡುಕಿದರೆ, 2001ರಿಂದ ನಮ್ಮ ವನ್ಯಜೀವಿ ಕಾಯಿದೆಯ ಮೊದಲನೇ ಪಟ್ಟಿಯಲ್ಲಿ ಗಟ್ಟಿ ಹವಳಗಳೆಲ್ಲ ಇವೆ. ಹುಲಿ ಇರುವ ಪಟ್ಟಿಯಲ್ಲೇ. ಸತ್ತ ಹವಳದ ತುಂಡಿಗೂ ಅದೇ ಕಾನೂನು.

ಸುಳ್ಳು ಯಾಕೆ ಹೇಳಲಿ, ಎರಡು ದಿನ ಮನಸ್ಸು ಆಡಿತು. ಒಂದು ಕಲ್ಲಿನಿಂದ ಯಾವ ಸಮುದ್ರ ಬರಿದಾಗುತ್ತದೆ? ಆಮೇಲೆ ನೆನಪಾದದ್ದು ಗಾಸನ ಮಗ. ಅಪ್ಪನ ಪುಸ್ತಕಗಳನ್ನು ಓದಿದ ಜನ ಬುಟ್ಟಿ ಜಾಡಿ ಹಿಡಿದು ಇಂಗ್ಲೆಂಡಿನ ಕಡಲತೀರಗಳಿಗೆ ನುಗ್ಗಿ, ಬಂಡೆಗಳ ನಡುವಿನ ಕೊಳಗಳನ್ನು ಬರಿದು ಮಾಡಿದ್ದನ್ನು ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ತನ್ನ ಆತ್ಮಕಥನದಲ್ಲಿ ನೊಂದು ಬರೆದಿದ್ದಾನೆ. ಅವರೂ ಒಬ್ಬೊಬ್ಬರು ಒಂದೊಂದೇ ಒಯ್ದಿದ್ದರು. ವ್ಯಾಪಾರಿಗೆ ಬೇಡವೆಂದೆ. ಸಿಮೆಂಟಿನಲ್ಲಿ ಮಾಡಿದ ತೂತುತೂತಿನ ಕಲ್ಲುಗಳನ್ನು ತರಿಸಿ, ತಿಂಗಳಾನುಗಟ್ಟಲೆ ನೀರಿನಲ್ಲಿ ನೆನೆಹಾಕಿ, ಇಟ್ಟುಕೊಂಡೆ. ಹವಳವಿಲ್ಲದ ಹವಳದ ದಿಬ್ಬ. ಮೀನು ಮಾತ್ರ ಎರಡು ಬಂದವು: ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನುಗಳು. ಇವನ್ನು ಕಡಲಿನಿಂದ ಹಿಡಿಯಬೇಕಾಗಿಲ್ಲ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಇವುಗಳ ಮರಿ ಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ನನ್ನವು ಅಂಥ ಮರಿಕೇಂದ್ರದವು.

ಎರಡು ತಿಂಗಳು ಚೆನ್ನಾಗಿದ್ದವು. ನಾನು ಹತ್ತಿರ ಹೋದರೆ ಗಾಜಿಗೆ ಬಂದು ಬಾಯಿ ಆಡಿಸುತ್ತಿದ್ದವು. ಸಮುದ್ರ ಬೇಡವೆಂದವಳೇ ಬೆಳಗಿನ ಆಹಾರ ಹಾಕುವ ಕೆಲಸ ವಹಿಸಿಕೊಂಡಿದ್ದಳು. ಏಪ್ರಿಲ್ ಬಂತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ನಲವತ್ತು ಡಿಗ್ರಿ ಎಂದರೆ ತಂಪು ಎನ್ನುವ ದಿನಗಳು. ತೊಟ್ಟಿಯ ನೀರು 27 ಡಿಗ್ರಿ ದಾಟದಂತೆ ಮೇಲೊಂದು ಫ್ಯಾನ್ ಇಟ್ಟೆ. ಫ್ಯಾನಿನ ಗಾಳಿಗೆ ದಿನಕ್ಕೆ ಒಂದು ಲೀಟರು ಆರಿಹೋಗುತ್ತಿತ್ತು. ಕಡಿಮೆಯಾದಷ್ಟನ್ನು ನಾನು ಶ್ರದ್ಧೆಯಿಂದ ತುಂಬುತ್ತಿದ್ದೆ, ಅಳತೆ ಮಾಡಿ ಕೂಡಿಸಿದ ಉಪ್ಪುನೀರಿನಿಂದ. ಸಮುದ್ರಕ್ಕೆ ಸಮುದ್ರದ ನೀರೇ ತಾನೇ ಹಾಕಬೇಕು? ಹೈಡ್ರೋಮೀಟರು ಮೇಜಿನ ಖಾನೆಯಲ್ಲಿ ಬೆಚ್ಚಗೆ ಮಲಗಿತ್ತು. ಇಪ್ಪತ್ತನೆಯ ದಿನವೋ ಏನೋ, ಒಂದು ಮೀನು ತಳದಲ್ಲಿ ಓರೆಯಾಗಿ ಬಿದ್ದಿತ್ತು. ಮಾರನೆಯ ಬೆಳಿಗ್ಗೆ ಇನ್ನೊಂದು. ಹೆಂಡತಿ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆ ವಾರವೇ ಕಂಪ್ಲಿಯಲ್ಲಿ ಒಂದು ಮದುವೆ. ಅಲ್ಲಿ ಸಿಕ್ಕ ಹಳೆಯ ಪರಿಚಯದ ರೈತರೊಬ್ಬರಿಗೆ ಊಟದ ಪಂಕ್ತಿಯಲ್ಲಿ ಈ ಕಥೆ ಹೇಳಿದೆ. ಭತ್ತ ಕಬ್ಬು ಬೆಳೆದು ಹಣ್ಣಾದವರು. ಎಲೆಯಿಂದ ತಲೆ ಎತ್ತದೆ ಹೇಳಿದರು: "ಮೇಷ್ಟ್ರೇ, ನೀರು ಬಿಸಿಲಿಗೆ ಹಾರಿ ಹೋಗ್ತೈತಿ. ಉಪ್ಪು ಎಲ್ಲಿಗೆ ಹೋಗ್ತೈತಿ? ಅಲ್ಲೇ ಕುಂತಿರ್ತೈತಿ. ನಮ್ಮ ಹೊಲ ಸವಳಾದದ್ದು ಹೆಂಗ ಅಂದ್ಕಂಡೀರಿ?"

ಎಡಗೈಯಿಂದ ಹಣೆ ಚಚ್ಚಿಕೊಂಡೆ. 1953ರಲ್ಲಿ ಅಣೆಕಟ್ಟೆ ಮುಗಿದು ಕಾಲುವೆ ಹರಿದ ಮೇಲೆ ಈ ಸೀಮೆಯ ಕಪ್ಪು ನೆಲಕ್ಕೆ ಆದದ್ದು ಇದೇ. ನೀರು ಹೆಚ್ಚಾಗಿ ನಿಂತಲ್ಲಿ ತಳದ ಉಪ್ಪು ಮೇಲೇರಿತು, ನೀರು ಆರಿತು, ಉಪ್ಪು ಉಳಿಯಿತು. ಬಿಳಿಯ ಪೊರೆ ಕಟ್ಟಿದ ಗದ್ದೆಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದವನು ನಾನು. ಗಂಗಾವತಿಯ ಕೃಷಿ ಸಂಶೋಧಕರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದನ್ನೂ ಬಲ್ಲೆ. ಆದರೂ ದಿನಕ್ಕೆ 35 ಗ್ರಾಂ, ಇಪ್ಪತ್ತು ದಿನಕ್ಕೆ 700 ಗ್ರಾಂ ಉಪ್ಪನ್ನು ಹೆಚ್ಚಿಗೆ ಉಣಿಸಿ ಎರಡು ಜೀವ ತೆಗೆದಿದ್ದೆ. ಆರಿದ ನೀರಿಗೆ ಬದಲು ಸಿಹಿನೀರು ಹಾಕಬೇಕಿತ್ತು. ಅಷ್ಟೇ.

ಖಾಲಿ ತೊಟ್ಟಿಯನ್ನು ಒಗೆಯಲಿಲ್ಲ, ದಿನಾ ಸ್ವಲ್ಪ ಸ್ವಲ್ಪ ಸಿಹಿನೀರು ಬೆರೆಸಿ ಉಪ್ಪನ್ನು ಇಳಿಸುತ್ತ ಬಂದೆ. ಅಷ್ಟರಲ್ಲಿ ಹೊಸದೊಂದು ಪೀಡೆ. ಮರಳಿನ ಮೇಲೆ, ಕಲ್ಲಿನ ಮೇಲೆ ಕೆಂಪುಗಪ್ಪು ಲೋಳೆ. ಕೆರೆದು ತೆಗೆದರೆ ನಾಲ್ಕು ದಿನಕ್ಕೆ ಮತ್ತೆ ಹೊದಿಕೆಯ ಹಾಗೆ ಹಬ್ಬುತ್ತದೆ, ಬೆಳಕು ಬಿದ್ದಾಗ ಮೇಲೆಲ್ಲ ಸಣ್ಣ ಗುಳ್ಳೆ. ಹೊಸಬರ ತೊಟ್ಟಿಗೆಲ್ಲ ಬರುವ ರೋಗ, ನೀಲಹಸಿರು ಪಾಚಿಯ ಜಾತಿ, ನಿಜದಲ್ಲಿ ಬ್ಯಾಕ್ಟೀರಿಯಾ ಎಂದು ವಿದ್ಯಾರ್ಥಿ ತಿಳಿಸಿದ.

ಒಂದು ಸಂಜೆ, ನಮ್ಮ ಕಾಲೇಜಿನಲ್ಲಿ ಭೂವಿಜ್ಞಾನ ಹೇಳುತ್ತಿದ್ದ ಗೆಳೆಯರು ಬಂದರು. ನಾನು ಲೋಳೆ ಕೆರೆಯುತ್ತಿದ್ದೆ. ಅವರು ನೋಡುತ್ತ ನಿಂತವರು, ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಕಲ್ಲನ್ನು ಎತ್ತಿಕೊಂಡರು. ಎಷ್ಟೋ ವರ್ಷದ ಹಿಂದೆ ಹುಡುಗರನ್ನು ಸಂಡೂರಿನ ಕುಮಾರಸ್ವಾಮಿ ಗುಡಿಗೆ ಕರೆದೊಯ್ದಾಗ ರಸ್ತೆಯ ಬದಿ ಸಿಕ್ಕಿದ್ದು. ಬೂದುಬಣ್ಣ, ಮೇಲೆ ಎಲೆಕೋಸು ಸೀಳಿದ ಹಾಗೆ ಅಲೆಅಲೆಯಾದ ಗೆರೆ. ಇದನ್ನು ತೊಟ್ಟಿಯಲ್ಲಿಡಲೇ ಎಂದು ಹಿಂದೊಮ್ಮೆ ಕೇಳಿದಾಗ, "ಕಬ್ಬಿಣ ಮ್ಯಾಂಗನೀಸಿನ ಊರಿನ ಕಲ್ಲು, ನೀರಿಗೆ ಹಾಕಬೇಡ್ರಿ" ಎಂದಿದ್ದರು.

"ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡದೆ ಖಂಡಿತ ಹೇಳೋಕಾಗಲ್ಲ" ಎಂದರು. "ಆದರೆ ಇದು ಸ್ಟ್ರೊಮ್ಯಾಟೊಲೈಟ್ ಇದ್ದರೂ ಇರಬಹುದು. ಹಾಗಿದ್ದರೆ, ನೀವು ಕೆರೀತಿರೋದು ಇದನ್ನ ಕಟ್ಟಿದವರ ಬಳಗಾನ."

ಆಮೇಲೆ ಕುಳಿತು ವಿವರಿಸಿದರು. ಲೋಳೆಯ ಪದರದ ಮೇಲೆ ಸುಣ್ಣದ ಸಣ್ಣ ಹುಡಿ ಕೂರುತ್ತದೆ, ಬೆಳಕಿಗಾಗಿ ಜೀವಿ ಅದರ ಮೇಲೆ ಹತ್ತಿ ಇನ್ನೊಂದು ಪದರ ಹಾಸುತ್ತದೆ. ಹೀಗೆ ಪದರದ ಮೇಲೆ ಪದರ. ಹವಳ ಹುಟ್ಟುವುದಕ್ಕೆ ಇನ್ನೂರು ಕೋಟಿ ವರ್ಷಕ್ಕೂ ಮುಂಚೆ ಸಮುದ್ರದಲ್ಲಿ ದಿಬ್ಬ ಕಟ್ಟುತ್ತಿದ್ದವು ಇವೇ. ಆಸ್ಟ್ರೇಲಿಯದ ಪಶ್ಚಿಮ ತೀರದ ಶಾರ್ಕ್ ಬೇ ಎಂಬಲ್ಲಿ ಇಂದಿಗೂ ಜೀವಂತವಾಗಿವೆ. ಅಲ್ಲಿ ನೀರು ಸಮುದ್ರದ ಎರಡರಷ್ಟು ಉಪ್ಪು, ಮೇಯುವ ಶಂಖದ ಹುಳುಗಳ ಕಾಟ ಕಡಿಮೆ. ಸಂಡೂರಿನ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ. ರಾಬರ್ಟ್ ಬ್ರೂಸ್ ಫೂಟ್ ಈ ಬೆಟ್ಟಗಳನ್ನೆಲ್ಲ ತಿರುಗಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಗ್ರಂಥವನ್ನು 1895ರಲ್ಲಿ ಹೊರತಂದ. ಸಂಡೂರಿನ ಸುಣ್ಣಶಿಲೆಯಲ್ಲಿ ಸ್ಟ್ರೊಮ್ಯಾಟೊಲೈಟ್ ಇದೆಯೆಂದು ನಮ್ಮವರು ಬರೆದದ್ದು 1980ರ ದಶಕದಲ್ಲಿ. ಬೆಟ್ಟದ ಕಬ್ಬಿಣವೂ ಕಡಲಿನದೇ: ನೀರಿನಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ತಳಕ್ಕಿಳಿದು ಪದರ ಕಟ್ಟಿತು, ಅದರಲ್ಲಿ ಸೂಕ್ಷ್ಮಜೀವಿಗಳ ಕೈವಾಡವಿದೆ ಎನ್ನುತ್ತಾರೆ.

ಆ ಕಬ್ಬಿಣವೇ ಲಾರಿ ಹತ್ತಿ, ರೈಲು ಹತ್ತಿ, ಬಂದರು ಸೇರಿ ಮತ್ತೆ ಸಮುದ್ರದ ಮೇಲೆ ಹೊರಟದ್ದನ್ನು ನಾವೆಲ್ಲ ನೋಡಿದ್ದೇವೆ. 2011ರಲ್ಲಿ ಸುಪ್ರೀಂ ಕೋರ್ಟು ತಡೆಯುವವರೆಗಿನ ಕೆಲವು ವರ್ಷ ನಮ್ಮ ಮನೆಯ ಕಿಟಕಿಯ ಸರಳು, ಒಣಹಾಕಿದ ಬಟ್ಟೆ, ತುಳಸಿ ಎಲೆ ಎಲ್ಲಾ ಕೆಂಪು. ಆ ಧೂಳನ್ನು ಬೈದುಕೊಂಡು ಒರೆಸಿದ್ದೇನೆ. ಹಳೆಯ ಕಡಲಿನ ತಳವನ್ನು ಒರೆಸುತ್ತಿದ್ದೇನೆ ಎಂದು ಆಗ ಯಾರೂ ಹೇಳಿರಲಿಲ್ಲ.

ಮಳೆಗಾಲ ಹಿಡಿದ ಮೇಲೆ ಮತ್ತೆ ಎರಡು ಮೀನು ತಂದೆ. ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದಿದ್ದೇನೆ, ನೀರು ಅದಕ್ಕಿಂತ ಇಳಿದರೆ ಕ್ಯಾನಿನ ಸಿಹಿನೀರು. ಹೈಡ್ರೋಮೀಟರು ತೊಟ್ಟಿಯ ಪಕ್ಕದಲ್ಲೇ ತೂಗುತ್ತದೆ. ಲೋಳೆ ಬಹಳಷ್ಟು ಕಡಿಮೆಯಾಗಿದೆ. ಹಿಂಬದಿಯ ಒಂದು ಮೂಲೆಯಲ್ಲಿ ಅಂಗೈಯಗಲ ಉಳಿದದ್ದನ್ನು ಕೆರೆಯುವುದನ್ನು ಬಿಟ್ಟಿದ್ದೇನೆ.

ಮೊನ್ನೆ ಕಂಪ್ಲಿಯ ಆ ಹಿರಿಯರು ಬ್ಯಾಂಕಿನ ಕೆಲಸಕ್ಕೆ ಬಂದವರು ಮನೆಗೆ ಬಂದರು. ಮೀನಿಗಿಂತ ಮೊದಲು ನೀರಿನ ಗೆರೆ ನೋಡಿದರು. ಆಮೇಲೆ ನಾನು ಬೇಡವೆನ್ನುವುದರೊಳಗೆ ಬೆರಳದ್ದಿ ನಾಲಗೆಗೆ ಹಚ್ಚಿಕೊಂಡು, ಮುಖ ಕಿವುಚಿ, "ಇದಕ್ಕಿಂತ ನನ್ನ ಕೆಳಗಿನ ಹೊಲಾನ ವಾಸಿ" ಎಂದು, ಕುಡಿಯಲು ಒಂದು ಲೋಟ ನೀರು ಕೇಳಿದರು.