ಬಿಳಿಗಿರಿಯಲ್ಲಿ ದ್ರಾಕ್ಷಿ ಹುಡುಕುತ್ತ

ನಕ್ಷೆ ಮುಂದಿಟ್ಟುಕೊಂಡು ಲೆಕ್ಕ ಹಾಕುವವರಿಗೆ ಬಿಳಿಗಿರಿರಂಗನ ಬೆಟ್ಟ ವೈನ್ ದ್ರಾಕ್ಷಿಗೆ ಹೇಳಿ ಮಾಡಿಸಿದ ಜಾಗದಂತೆ ಕಾಣುತ್ತದೆ. ತಂಪು ಸೀಮೆಯ ವೈನಿಗೆ ಹೆಸರಾದ ಯುರೋಪಿನ ತೋಟಗಳಿರುವುದು 45ರಿಂದ 50 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಬೆಟ್ಟದ ಬುಡದ ನಮ್ಮ ಯಳಂದೂರು ಇರುವುದು 12ರಲ್ಲಿ. ಇಲ್ಲಿ ತಂಪು ಬೇಕೆಂದರೆ ಉತ್ತರಕ್ಕೆ ಹೋಗುವಂತಿಲ್ಲ, ಮೇಲಕ್ಕೆ ಹತ್ತಬೇಕು. ಕೊಳ್ಳೇಗಾಲದ ಬಯಲು ಸುಮಾರು 2,000 ಅಡಿ ಎತ್ತರದಲ್ಲಿದೆ, ರಂಗನಾಥನ ಗುಡಿ ಸುಮಾರು 5,000 ಅಡಿಯಲ್ಲಿ. ನೂರು ಮೀಟರು ಏರಿದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಬಿಸಿ ಇಳಿಯುತ್ತದೆ ಎಂಬ ಸಾಮಾನ್ಯ ಲೆಕ್ಕ ಹಿಡಿದರೆ, ಗುಡಿಯ ಅಂಗಳ ಕೊಳ್ಳೇಗಾಲದ ಪೇಟೆಗಿಂತ ಐದಾರು ಡಿಗ್ರಿ ತಣ್ಣಗಿರಬೇಕು. ನಂದಿಬೆಟ್ಟದ ತಪ್ಪಲಲ್ಲಿ, ಸುಮಾರು 900 ಮೀಟರ್ ಎತ್ತರದ ದೊಡ್ಡಬಳ್ಳಾಪುರದಲ್ಲಿ ಗ್ರೋವರ್ ಸಂಸ್ಥೆ 1988ರಲ್ಲಿ ಫ್ರೆಂಚ್ ತಳಿಗಳ ತೋಟ ಆರಂಭಿಸಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೇ ತಂದಿತು. ನಂದಿಯ ತಪ್ಪಲಲ್ಲಿ ಆದದ್ದು ಅದಕ್ಕಿಂತ ಎಷ್ಟೋ ಎತ್ತರದ ಬಿಳಿಗಿರಿಯಲ್ಲಿ ಯಾಕಾಗಲಿಲ್ಲ? ಇದೊಂದು ಪ್ರಶ್ನೆ ಹಿಡಿದು ಹಳೆಯ ದಾಖಲೆಗಳಿಗೆ ಕೈ ಹಾಕಿದೆ.

ಕೈ ಹಾಕಿದ ಕೂಡಲೇ ಎದುರಾಗುವ ತೊಡಕೆಂದರೆ, ಬೆಟ್ಟ ಒಂದೇ ಆದರೂ ಅದರ ಕಡತ ಎರಡು ರಾಜ್ಯಗಳಲ್ಲಿ ಹಂಚಿಹೋಗಿದೆ. ಯಳಂದೂರು ಮೈಸೂರಿನ ಸೀಮೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಅದರ ಪಕ್ಕದ ಕೊಳ್ಳೇಗಾಲ, ಅದರೊಳಗೇ ಸೇರಿದ್ದ ಹನೂರು, ಟಿಪ್ಪುವಿನ ಪತನದ ನಂತರ ಕಂಪನಿಯ ಕೈಗೆ ಹೋಗಿ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಪಾಲಾದವು. ಮರಳಿ ಕನ್ನಡ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಹಾಗಾಗಿ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ತೆರೆದರೆ ಯಳಂದೂರು ಸಿಗುತ್ತದೆ, ಕೊಳ್ಳೇಗಾಲ ಸಿಗುವುದಿಲ್ಲ. ಅವರೇ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೇ ಸಂಪುಟದ ಕತೆಯೂ ಅದೇ. ಕೊಳ್ಳೇಗಾಲದ ಬೆಳೆ, ಕಂದಾಯ, ಕಾಡಿನ ಲೆಕ್ಕಕ್ಕೆ ಎಫ್.ಎ. ನಿಕೋಲ್ಸನ್ 1887ರಲ್ಲಿ ಹೊರತಂದ ಕೊಯಮತ್ತೂರು ಜಿಲ್ಲಾ ಕೈಪಿಡಿಗೇ ಹೋಗಬೇಕು. ಹನೂರು ಸ್ವಂತ ತಾಲ್ಲೂಕಾದದ್ದು ತೀರಾ ಈಚೆಗೆ. ಹಳೆಯ ಪುಸ್ತಕಗಳ ಸೂಚಿಯಲ್ಲಿ ಅದನ್ನು ಕೊಳ್ಳೇಗಾಲದ ಹೊಟ್ಟೆಯೊಳಗೆ ಹುಡುಕಬೇಕು. ಬೆಟ್ಟದ ಹವೆ ಈ ಗಡಿ ಕೇಳಿ ಬದಲಾಗುವುದಿಲ್ಲ. ಅದನ್ನು ಬರೆದಿಟ್ಟ ಗುಮಾಸ್ತರು ಮಾತ್ರ ಗಡಿ ದಾಟಲಿಲ್ಲ.

ದಾಟಿದವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಬರೆದ ಅವನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಬೆಂಗಳೂರಿನಲ್ಲಿ ಹೈದರ್, ಟಿಪ್ಪು ಮಾಡಿಸಿದ ತೋಟಗಳನ್ನು ನೋಡಿ, ಅಲ್ಲಿ ದ್ರಾಕ್ಷಿ ಬಳ್ಳಿ ಸೊಂಪಾಗಿ ಹಬ್ಬಿದೆ, ಸೇಬೂ ಫಲ ಕೊಡುತ್ತಿದೆ ಎಂದು ಬರೆಯುತ್ತಾನೆ. ಆಮೇಲೆ ಅವನ ದಾರಿ ಶಿವನಸಮುದ್ರ, ಕೊಳ್ಳೇಗಾಲ, ಹನೂರು, ಕೌದಳ್ಳಿಯ ಮೇಲೆ ಸಾಗಿ ಕಾವೇರಿಪುರದ ಘಟ್ಟ ಇಳಿಯುತ್ತದೆ. ನಾನು ಆ ಪುಟಗಳಲ್ಲಿ ದ್ರಾಕ್ಷಿಗಾಗಿ ಹುಡುಕಿದೆ. ಸಿಕ್ಕಿದ್ದು ಚಳಿ. ಈ ಬೆಟ್ಟಗಳ ಬುಡಕಟ್ಟಾದ ಸೋಲಿಗರ ಬಗ್ಗೆ ಬರೆಯುತ್ತ ಬುಕಾನನ್ ಹೇಳುವುದಿಷ್ಟು: ಇವರಿಗೆ ಮೈಮೇಲೆ ಬಟ್ಟೆಯೇ ಇಲ್ಲವೆನ್ನಬೇಕು, ಬೆಂಕಿಯ ಸುತ್ತ ಬಾಳೆಯೆಲೆ ಹಾಸಿ, ಬಾಳೆಯೆಲೆಯನ್ನೇ ಹೊದ್ದು ಮಲಗುತ್ತಾರೆ, ಹುಲಿಯ ಕಾಟವಿಲ್ಲದ ಬೆಟ್ಟದ ನೆತ್ತಿಯಲ್ಲಿ ಇರುವವರು, ಆದರೆ ಅಲ್ಲಿ ಬರಿಮೈಗೆ ಚಳಿಯ ಹಿಂಸೆ. ಥರ್ಸ್ಟನ್ ಕೂಡ ಒಂದು ಶತಮಾನದ ನಂತರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕೋಶದಲ್ಲಿ ಈ ಮಾತನ್ನು ಎತ್ತಿಕೊಂಡ. ಈ ಬೆಟ್ಟ ತಂಪು ಎನ್ನುವುದಕ್ಕೆ ನನಗೆ ಸಿಕ್ಕ ಅತ್ಯಂತ ಹಳೆಯ ಅಳತೆ ಇದು. ಅಳತೆಗೋಲು ಸೋಲಿಗರ ಮೈ.

ಮುಂದಿನ ಸುಳಿವು ಕೃಷಿಯ ಪುಸ್ತಕದಲ್ಲಿ ಅಲ್ಲ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿತ್ತು. 20ನೇ ಶತಮಾನದ ಮೊದಲರ್ಧದ ಸಂಚಿಕೆಗಳನ್ನು ತಿರುವಿದರೆ ಕಾಟಿ, ಆನೆ, ಹುಲಿಗಳ ಬಗೆಗಿನ ಪುಟ್ಟ ಟಿಪ್ಪಣಿಗಳ ಕೆಳಗೆ ಒಂದೇ ವಿಳಾಸ ಮತ್ತೆ ಮತ್ತೆ ಬರುತ್ತದೆ: ಹೊನ್ನಮೇಟಿ ಎಸ್ಟೇಟ್, ಅತ್ತಿಖಾನೆ ಅಂಚೆ, ಮೈಸೂರು ಮಾರ್ಗ. ಸಹಿ ಆರ್.ಸಿ. ಮಾರಿಸ್. ರಾಲ್ಫ್ ಕ್ಯಾಮ್ರೂ ಮಾರಿಸ್ (1894–1977) ಬೇಟೆಗಾರ, ನಿಸರ್ಗಪ್ರೇಮಿ, ಹೊಟ್ಟೆಪಾಡಿಗೆ ಕಾಫಿ ಬೆಳೆಗಾರ. ಸ್ಕಾಟ್ಲೆಂಡಿನಿಂದ ಬಂದ ಅವನ ತಂದೆ ರ್‍ಯಾಂಡಾಲ್ಫ್ ಹೇಟನ್ ಮಾರಿಸ್ 1880ರ ದಶಕದ ಕೊನೆಯಲ್ಲಿ ಇದೇ ಬೆಟ್ಟದ ಅತ್ತಿಖಾನೆಯಲ್ಲಿ ಕಾಫಿ ಹಾಕಿದ. ರಾಲ್ಫನ ಮಗಳು ಮೋನಿಕಾ ಜಾಕ್ಸನ್ 1955ರಲ್ಲಿ ಹಿಮಾಲಯಕ್ಕೆ ಹೋದ ಮಹಿಳೆಯರದೇ ತಂಡದ ಸದಸ್ಯೆ. ತನ್ನ ಬೆಟ್ಟದ ಬಾಲ್ಯವನ್ನು ‘ಗೋಯಿಂಗ್ ಬ್ಯಾಕ್’ ಪುಸ್ತಕದಲ್ಲಿ ಬರೆದಿದ್ದಾಳೆ. ಯುರೋಪಿನಿಂದ ಬಂದ ಕುಟುಂಬ, ತಂಪು ಬೆಟ್ಟ, ಕೈಯಲ್ಲಿ ಬಂಡವಾಳ, ಇಷ್ಟಿದ್ದೂ ಊರಿದ್ದು ದ್ರಾಕ್ಷಿಯಲ್ಲ, ಕಾಫಿ. ನನ್ನ ಪ್ರಶ್ನೆ ಇಲ್ಲಿಗೆ ತಿರುವು ತೆಗೆದುಕೊಂಡಿತು. ಎತ್ತರ, ಉಷ್ಣಾಂಶಗಳ ಕೋಷ್ಟಕ ಬದಿಗಿಟ್ಟು ಮಳೆಯ ತಿಂಗಳುಗಳನ್ನು ಓದತೊಡಗಿದೆ.

ಉತ್ತರ ಅಲ್ಲಿತ್ತು. ಬಿಳಿಗಿರಿ ಇರುವ ಚಾಮರಾಜನಗರ ಜಿಲ್ಲೆಯ ಮಳೆಗೆ ಎರಡು ಶಿಖರ. ಮುಂಗಾರಿಗೆ ಮುಂಚಿನ ಮೇ ತಿಂಗಳು ಒಂದು, ಸೆಪ್ಟೆಂಬರ್–ಅಕ್ಟೋಬರ್ ಇನ್ನೊಂದು. ನೈರುತ್ಯ ಮಾರುತ ಪಶ್ಚಿಮಘಟ್ಟದಲ್ಲಿ ತನ್ನ ಪಾಲನ್ನು ಸುರಿದು ಇತ್ತ ಬರುವಾಗ ಸೊರಗಿರುತ್ತದೆ. ಈ ಸೀಮೆಯ ಕೆರೆ ತುಂಬಿಸುವುದು ಹೆಚ್ಚಾಗಿ ಹಸ್ತ, ಚಿತ್ತೆ, ಸ್ವಾತಿ ಮಳೆಗಳು. ಈಗ ದ್ರಾಕ್ಷಿಯ ಪಂಚಾಂಗ ನೋಡಿ. ಫ್ರಾನ್ಸಿನಲ್ಲಿ ಹಿಮಗಾಲ ಬಂದು ಬಳ್ಳಿಯನ್ನು ತಾನೇ ಮಲಗಿಸುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯಿಲ್ಲ, ಕತ್ತರಿಯೇ ಋತು. ಏಪ್ರಿಲಿನಲ್ಲಿ ಒಂದು ಚಾಟನಿ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಫಲದ ಚಾಟನಿ, ಫೆಬ್ರುವರಿ–ಮಾರ್ಚಿನ ಒಣಹವೆಯಲ್ಲಿ ಕೊಯ್ಲು. ಫಲದ ಚಾಟನಿಯಾದ ಮೇಲೆ ಎಳೆ ಚಿಗುರು, ಹೂಗೊಂಚಲು ಹೊರಡುವ ವಾರಗಳಲ್ಲಿ ಎಲೆ ಒದ್ದೆಯಾಗಿ ನಿಂತರೆ ಬೂಜುರೋಗ ಹಿಡಿದೀತು. 2009ರ ನವೆಂಬರಿನಲ್ಲಿ ಅಕಾಲ ಮಳೆ ಬಿದ್ದು ಮಹಾರಾಷ್ಟ್ರದ ತೋಟಗಳು ಈ ರೋಗಕ್ಕೆ ಸಿಕ್ಕು ಬೆಳೆಗಾರರು ಕಂಗೆಟ್ಟದ್ದು ನೆನಪಿರಬಹುದು. ಅಲ್ಲಿ ಅಕಾಲವಾದ ಮಳೆ ಬಿಳಿಗಿರಿಯಲ್ಲಿ ಸಕಾಲ, ಪ್ರತಿವರ್ಷದ ಮಾಮೂಲು. ಜೊತೆಗೆ ಬೆಟ್ಟದ ಮಂಜು. ಮಳೆ ನಿಂತರೂ ಎಲೆ ಆರದು. ಮಳೆಯನ್ನು ಕೊಂಚ ತಾಳುವ ದಪ್ಪ ಸಿಪ್ಪೆಯ ಬೆಂಗಳೂರು ನೀಲಿ ದ್ರಾಕ್ಷಿ ಬೆಂಗಳೂರಿನ ಸುತ್ತ ನೆಲೆಯೂರಿ 2013ರಲ್ಲಿ ಭೌಗೋಳಿಕ ಸೂಚಕವನ್ನೂ ಪಡೆಯಿತು. ಆದರೆ ಅದರಲ್ಲಿ ಅಮೆರಿಕದ ದ್ರಾಕ್ಷಿಯ ರಕ್ತವಿದೆ. ತಂಪು ಸೀಮೆಯ ನಾಜೂಕು ವೈನಿಗಾಗಿ ಹುಡುಕುವವರು ಅದನ್ನು ಬಯಸುವುದಿಲ್ಲ.

ಇದೇ ಮಳೆ ಕಾಫಿಗೆ ವರ. ಮಾರ್ಚ್–ಏಪ್ರಿಲಿನಲ್ಲಿ ಒಂದು ಹದವಾದ ಹೂಮಳೆ ಬಿದ್ದರೆ ಎಂಟು–ಹತ್ತು ದಿನದಲ್ಲಿ ಗಿಡ ಬೆಳ್ಳಗಾಗುತ್ತದೆ. ಅದರ ಬೆನ್ನಿಗೆ ಎರಡು–ಮೂರು ವಾರದೊಳಗೆ ಇನ್ನೊಂದು ಮಳೆ ಬಂದರೆ ಕಾಯಿ ಕಚ್ಚುತ್ತದೆ. ಹಸ್ತ–ಚಿತ್ತೆಯಲ್ಲಿ ಕಾಯಿ ತುಂಬುತ್ತದೆ, ಮಳೆ ಹಿಂದೆಗೆದ ಮೇಲೆ ಹಣ್ಣು ಕೆಂಪಾಗುತ್ತದೆ. ಇನ್ನೊಂದು ವ್ಯತ್ಯಾಸ ನೆರಳಿನದು. ದ್ರಾಕ್ಷಿಗೆ ಬಿಸಿಲು ಬೇಕು, ಅಂದರೆ ಕಾಡು ಬೋಳಾಗಬೇಕು. ಅರೇಬಿಕಾ ಮರದ ಕೆಳಗೇ ಬಾಳುತ್ತದೆ. ತಂಪು ಒಂದೇ ಇದ್ದರೂ ಮಳೆಯ ತಿಂಗಳು ಒಂದು ಬೆಳೆಯನ್ನು ಹೊರಗಟ್ಟಿ ಇನ್ನೊಂದನ್ನು ಒಳಗೆ ಕರೆಯಿತು. ಬೆಟ್ಟದ ಎತ್ತರವನ್ನಷ್ಟೇ ತೋರಿಸಿ ಇಲ್ಲಿ ವೈನ್ ತೋಟ ಮಾಡಬಹುದೆನ್ನುವವರು ಅಕ್ಟೋಬರಿನಲ್ಲಿ ಒಮ್ಮೆ ಬಂದು ನೋಡಬೇಕು.

ದ್ರಾಕ್ಷಿ ಬಾರದಿದ್ದರೂ ದ್ರಾಕ್ಷಿತೋಟದ ಔಷಧಿ ಮಾತ್ರ ಕಾಫಿ ನಾಡಿಗೆ ಬಂತು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಬೂಜುರೋಗ ಬಳ್ಳಿಗಳನ್ನು ಸುಡುತ್ತಿದ್ದಾಗ ಪಿಯರ್ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ 1885ರಲ್ಲಿ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಪರಿಹಾರವೆಂದು ಪ್ರಕಟಿಸಿದ. ಅದೇ ಬೋರ್ಡೋ ದ್ರಾವಣವನ್ನು ನಮ್ಮ ಕಾಫಿ ಬೆಳೆಗಾರರು ಎಲೆತುಕ್ಕು ರೋಗಕ್ಕೆ ಮುಂಗಾರಿನ ಮುಂಚೆ, ಮತ್ತೆ ಮಳೆ ಬಿಟ್ಟ ಮೇಲೆ ಹೊಡೆಯುತ್ತ ಬಂದಿದ್ದಾರೆ. ಶೇಕಡಾ ಅರ್ಧದ ದ್ರಾವಣಕ್ಕೆ 200 ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಕೂಡಿಸಿ, ಹದ ಸರಿಯಿದೆಯೇ ಎಂದು ನೋಡಲು ಕಬ್ಬಿಣದ ಚಾಕುವನ್ನು ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕು ಎಂದರ್ಥ. ವೈನಿನ ನಾಡಿನ ಹೆಸರನ್ನು ಕಾಫಿತೋಟದ ಆಳುಗಳು ದಿನನಿತ್ಯ ಆಡುವುದು ಹೀಗೆ.

ಹುಡುಕಾಟದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಖಾಲಿ ಜಾಗ. ತೋಟ ಕಡಿದು, ಗುಂಡಿ ತೋಡಿ, ಹಣ್ಣು ಕೊಯ್ದ ಸೋಲಿಗರು ಬುಕಾನನ್‌ನ ಪುಟದಲ್ಲಿ ನಡುಗುವ ಮೈಗಳು, ಶಿಕಾರಿಯ ಟಿಪ್ಪಣಿಗಳಲ್ಲಿ ಜಾಡು ಹಿಡಿಯುವವರು. ಬೆಳೆಗಾರರಾಗಿ ನನಗೆ ಎಲ್ಲಿಯೂ ಸಿಗಲಿಲ್ಲ. 1974ರಲ್ಲಿ ಬೆಟ್ಟ ವನ್ಯಧಾಮವಾದಾಗ ಅವರ ಕುಮರಿ ಬೇಸಾಯಕ್ಕೂ ತೆರೆ ಬಿತ್ತು, ಪೋಡುಗಳು, ಅಂದರೆ ಅವರ ಹಾಡಿಗಳು, ಒಂದೆಡೆ ನೆಲೆನಿಂತವು. ಎಸ್ಟೇಟಿನಲ್ಲಿ ಕೂಲಿ ಮಾಡಿ ಕಲಿತ ಕೈಗಳು ಪೋಡಿನ ತುಂಡು ನೆಲದಲ್ಲಿ, ಕಾಡುಮರದ ನೆರಳಲ್ಲಿ ಕಾಫಿ ಬೆಳೆದವು. 2011ರಲ್ಲಿ ಬೆಟ್ಟ ಹುಲಿ ಮೀಸಲಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಈ ಬೆಟ್ಟದ ಬೆಳೆಯ ಚರಿತ್ರೆಯಲ್ಲಿ ಗೆಜೆಟಿಯರಿನಷ್ಟೇ ತೂಕದ ಕಾಗದ ಅದು.

ಹಳೆಯ ಕಡತ ಹುಡುಕುವ ಈ ಕೆಲಸಕ್ಕೆ ಇವತ್ತು ಒಂದು ನೇರ ಉಪಯೋಗವಿದೆ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಅರಕು ಕಣಿವೆ ಅರೇಬಿಕಾ, ವಯನಾಡು ರೊಬಸ್ಟಾ ಎಂಬ ಐದು ಕಾಫಿಗಳಿಗೆ ಭೌಗೋಳಿಕ ಸೂಚಕ ಸಿಕ್ಕಿತು. ಬಿಳಿಗಿರಿಯನ್ನು ಪ್ರತ್ಯೇಕ ಕಾಫಿ ಪ್ರದೇಶವೆಂದು ಕಾಫಿ ಮಂಡಳಿಯೇ ಗುರುತಿಸಿದ್ದರೂ ಆ ಐದರಲ್ಲಿ ಅದರ ಹೆಸರಿಲ್ಲ. ವೈನ್ ಸೀಮೆಗಳು ತಮ್ಮ ಮಣ್ಣು, ಮಳೆ, ಎತ್ತರಗಳನ್ನು ಶೀಸೆಯ ಚೀಟಿಯ ಮೇಲೆ ಮಾರಿಕೊಂಡದ್ದು ಕಾಗದಪತ್ರಗಳ ಬಲದಿಂದಲೇ. ಸೂಚಕಕ್ಕೆ ಅರ್ಜಿ ಹಾಕುವವರು ಮೂಲದ ಪುರಾವೆ ಕೊಡಬೇಕು. ಆ ಪುರಾವೆ ಚೆನ್ನೈ ಎಗ್ಮೋರಿನ ದಾಖಲೆಗೃಹ, ಬೆಂಗಳೂರಿನ ಪತ್ರಾಗಾರ, ಮುಂಬೈಯ ಪತ್ರಿಕೆಯ ಸಂಚಿಕೆಗಳು ಹೀಗೆ ಮೂರು ಕಡೆ ಚದುರಿಬಿದ್ದಿದೆ. ಅದನ್ನು ಒಂದೆಡೆ ತರುವುದು ಗ್ರಂಥಾಲಯದಲ್ಲಿ ಕೂರುವ ನನ್ನಂಥವರ ಪಾಲಿನ ಕೆಲಸ. ಹೂಮಳೆ ಎಂದು ಬಿತ್ತು, ಯಾವ ಇಳಿಜಾರಿನ ಹಣ್ಣು ಮೊದಲು ಕೆಂಪಾಯಿತು, ಯಾವ ಮರದ ನೆರಳು ಹದ ಎಂಬುದು ಯಾವ ಸಂಪುಟದಲ್ಲೂ ಇಲ್ಲ, ಪೋಡಿನವರ ಬಾಯಲ್ಲಿದೆ. ಅರ್ಜಿಯ ಆ ಭಾಗವನ್ನು ಅವರೇ ಬರೆಸಬೇಕು, ಬೆಳೆಗಾರರೆಂಬ ಅಂಕಣದಲ್ಲಿ ಅವರದೇ ಹೆಸರಿರಬೇಕು.