ಬುದ್ಧಹಸ್ತ
ರೂಟೇಸೀ ಕುಟುಂಬಕ್ಕೆ ಸೇರಿದ ಮಾದಲದ ಒಂದು ತಳಿ. ವೈಜ್ಞಾನಿಕ ನಾಮ ಸಿಟ್ರಸ್ ಮೆಡಿಕಾ ಪ್ರಭೇದ ಸಾರ್ಕೊಡ್ಯಾಕ್ಟಿಲಿಸ್. ಕಾಯಿಯೊಳಗಿನ ತೊಳೆಗಳು ಒಂದಾಗಿ ಕೂಡದೆ ಬಿಡಿಬಿಡಿಯಾಗಿ ಬೆಳೆಯುವುದರಿಂದ ಹಣ್ಣು ಬೆರಳುಗಳಂತೆ ಸೀಳಿಕೊಂಡಿರುತ್ತದೆ. ರಸವಾಗಲಿ ತಿರುಳಾಗಲಿ ಇಲ್ಲವೆಂದೇ ಹೇಳಬೇಕು. ಬೀಜವೂ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಗಿಡವನ್ನು ಕಡ್ಡಿ ನೆಟ್ಟು ಅಥವಾ ಕಸಿಕಟ್ಟಿ ಬೆಳೆಸುತ್ತಾರೆ. ಚೀನದ ಜೆಜಿಯಾಂಗ್ ಪ್ರಾಂತ್ಯದ ಜಿನ್‌ಹುವಾ ಇದರ ಬೆಳೆಗೆ ಹೆಸರಾದ ಊರು.

ಈ ಹಣ್ಣಿನ ಸರ್ವಸ್ವವೂ ಪರಿಮಳವೇ. ಚೀನದಲ್ಲಿ ಇದನ್ನು ದೇಗುಲಗಳಲ್ಲಿ ಬುದ್ಧನಿಗೆ ಅರ್ಪಿಸುತ್ತಾರೆ, ಕೋಣೆಯಲ್ಲೂ ಬಟ್ಟೆಗಳ ನಡುವೆಯೂ ಇಡುತ್ತಾರೆ. ಬೆರಳು ಮುಚ್ಚಿದ ಹಣ್ಣು ಕೈಮುಗಿದಂತೆ ಕಾಣುವುದರಿಂದ ಅರ್ಪಣೆಗೆ ಅದೇ ಶ್ರೇಷ್ಠ.

ಕೊಳ್ಳುವಾಗ ಅಚ್ಚ ಹಳದಿಯ, ಗಟ್ಟಿಯಾದ, ಮೂಗಿಗೆ ಹಿಡಿಯುತ್ತಲೇ ಘಮ್ಮೆನ್ನುವ ಹಣ್ಣನ್ನು ಆರಿಸಬೇಕು. ಬೆರಳುಗಳ ಬುಡವನ್ನು ತಪ್ಪದೆ ನೋಡಬೇಕು. ತೇವ ನಿಂತು ಬೂಷ್ಟು ಹಿಡಿಯುವುದು ಅಲ್ಲಿಯೇ. ತಂಪಾದ ಕೋಣೆಯಲ್ಲಿ ಒಂದೆರಡು ವಾರ, ಫ್ರಿಜ್ಜಿನಲ್ಲಿ ಇನ್ನೂ ಹೆಚ್ಚು ದಿನ ಕೆಡದೆ ಇರುತ್ತದೆ. ಆದರೆ ಫ್ರಿಜ್ಜಿನಲ್ಲಿಟ್ಟರೆ ಮನೆಗೆ ಪರಿಮಳ ದಕ್ಕದು.

ಸಿಪ್ಪೆಯೊಳಗಿನ ಬಿಳಿಭಾಗ ನಿಂಬೆಯದರಷ್ಟು ಕಹಿಯಲ್ಲ; ಅದನ್ನು ಕೆತ್ತಿ ಎಸೆಯುವುದು ನಷ್ಟ. ಬೆರಳುಗಳನ್ನು ಮುರಿದು, ತೊಳೆದು, ತೆಳ್ಳಗೆ ಹೆಚ್ಚಿ ಕೋಸಂಬರಿಯಂಥ ಹಸಿ ತಿನಿಸಿಗೂ ಮೀನಿನ ಅಡುಗೆಗೂ ಹಾಕಬಹುದು. ಸಕ್ಕರೆ ಪಾಕದಲ್ಲಿ ಬೇಯಿಸಿ ಒಣಗಿಸಿದರೆ ತಿಂಗಳುಗಟ್ಟಲೆ ಬಾಳುತ್ತದೆ. ತುರಿದ ಸಿಪ್ಪೆಯನ್ನು ಸಕ್ಕರೆಯಲ್ಲಿ ಬೆರೆಸಿ ಮುಚ್ಚಿಟ್ಟರೆ ಪರಿಮಳ ಅದಕ್ಕಿಳಿಯುತ್ತದೆ. ಚೀನೀ ವೈದ್ಯದಲ್ಲಿ ಒಣಗಿಸಿದ ಹೋಳುಗಳನ್ನು ಹೊಟ್ಟೆಯುಬ್ಬರಕ್ಕೆ ಕೊಡುವುದುಂಟು.